ಗೋಡೆಗೆ ಏರದ ಬಾಕಿ

ಖಜಾನೆಯಲ್ಲಿ ಆಯುಷ್ಯವಿಡೀ ಲೆಕ್ಕ ತಾಳೆ ನೋಡಿದವನಿಗೆ ಗುಡಿಯ ಗೋಡೆಯಲ್ಲೂ ಕಾಣುವುದು ಲೆಕ್ಕವೇ. ಲಕ್ಸರಿನಲ್ಲಿ ನೈಲ್ ದಾಟಿ ಪಶ್ಚಿಮ ದಡದ ಮೆದಿನೆತ್ ಹಾಬುಗೆ ಹೋದರೆ ಅದಕ್ಕೇನೂ ಬರವಿಲ್ಲ. ಮೂರನೆಯ ರಾಮ್ಸೆಸ್ ಕ್ರಿ.ಪೂ. 12ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಕೆಲವು ಅಕ್ಷರಗಳು ಬೆರಳುಗಳು ಪೂರ್ತಿ ಒಳಹೋಗುವಷ್ಟು ಆಳ. ಹಿಂದಿನವರ ಹೆಸರು ಅಳಿಸಿ ತಮ್ಮದು ಕೆತ್ತಿಸಿಕೊಳ್ಳುವುದು ಅಲ್ಲಿನ ಅರಸರ ಹಳೇ ಚಾಳಿ. ತನ್ನ ಹೆಸರಿಗೆ ಆ ಗತಿ ಬಾರದಿರಲೆಂಬ ಮುಂಜಾಗ್ರತೆ ಇರಬೇಕು.

ಒಳಪ್ರಾಂಗಣದ ಗೋಡೆಯಲ್ಲಿ ರಾಜ ರಥದಲ್ಲಿ ಕೂತಿದ್ದಾನೆ. ಎದುರಿಗೆ ಕೈಕಟ್ಟಿಸಿಕೊಂಡ ಲಿಬಿಯಾದ ಸೆರೆಯಾಳುಗಳ ಸಾಲು. ಪಕ್ಕದಲ್ಲಿ ಕಡಿದ ಕೈಗಳ ರಾಶಿ, ಸತ್ತ ಶತ್ರುವಿಗೆ ಒಂದರಂತೆ. ಒಬ್ಬ ಬಗ್ಗಿ ಎಣಿಸುತ್ತಾನೆ, ಲಿಪಿಕಾರ ಬರೆದುಕೊಳ್ಳುತ್ತಾನೆ. ಇನ್ನೊಂದು ರಾಶಿಯಲ್ಲಿ ಏನಿದೆಯೆಂದು ಬರೆಯಲು ಸಂಕೋಚ, ಅದಕ್ಕೂ ಲೆಕ್ಕವಿದೆ. ವೋಚರ್ ಇಲ್ಲದೆ ವಿಜಯವಿಲ್ಲ!

ದಕ್ಷಿಣದ ಹೊರಗೋಡೆಯದು ಬೇರೆಯೇ ಖಾತೆ. ಯಾವ ಹಬ್ಬಕ್ಕೆ ಎಷ್ಟು ರೊಟ್ಟಿ, ಎಷ್ಟು ಬಿಯರು, ಎಷ್ಟು ಧಾನ್ಯ ಎಂಬ ದೇವರ ಪಡಿತರದ ಉದ್ದನೆಯ ಪಟ್ಟಿ. ಬಹುಭಾಗ ಎರಡನೆಯ ರಾಮ್ಸೆಸನ ಗುಡಿಯಿಂದ ನಕಲು ಹೊಡೆದದ್ದು. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ, ಏಕೆಂದರೆ ಇದೇ ರಾಜನ ಕಾಲದ ಇನ್ನೊಂದು ಲೆಕ್ಕ ನನಗೆ ಗೊತ್ತಿತ್ತು. ಅದು ಇರುವುದು ಇಟಲಿಯ ಟ್ಯೂರಿನ್ನಿನಲ್ಲಿ, ಪಪೈರಸ್ ಹಾಳೆಯ ಮೇಲೆ.

ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರ ಊರು ದೇರ್ ಎಲ್-ಮದೀನಾ ಇಲ್ಲಿಗೆ ಹತ್ತಿರವೇ. ಅವರಿಗೆ ಸಂಬಳವೆಂದರೆ ಕಾಳು: ಆಳಿಗೆ ತಿಂಗಳಿಗೆ 4 ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಮೂಟೆಗೆ ಸುಮಾರು 76 ಲೀಟರು. ಗೋಧಿ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸದಕದ ಜಾತಿಯದು. ರಾಜನ ಆಳ್ವಿಕೆಯ 29ನೆಯ ವರ್ಷ ಈ ಸಂಬಳ ಸಕಾಲಕ್ಕೆ ಬರಲಿಲ್ಲ. ತಿಂಗಳಲ್ಲಿ 18 ದಿನ ಕಳೆದವು, ಹಸಿದಿದ್ದೇವೆ ಎನ್ನುತ್ತ ಅವರು ಕೆಲಸ ಬಿಟ್ಟು, ಕಾವಲು ದಾಟಿ, ಗುಡಿಯೊಂದರ ಹಿಂದೆ ಧರಣಿ ಕೂತರು. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಇದನ್ನು ರಾಜನಿಗೆ ತಿಳಿಸಿ ಎಂದರು. ದಾಖಲೆಗೆ ಸಿಕ್ಕ ಮುಷ್ಕರಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ.

ಬಾಕಿ ಸ್ವಲ್ಪ ಸಂದಿತು, ಮತ್ತೆ ನಿಂತಿತು, ಮತ್ತೆ ಅವರು ಬೀದಿಗಿಳಿದರು. ಕೊನೆಗೆ ಥೀಬ್ಸ್, ಅಂದರೆ ಇಂದಿನ ಲಕ್ಸರ್, ಪಟ್ಟಣದ ಅಧಿಕಾರಿ ಆ ದಾರಿಯಲ್ಲಿ ಹೋಗುವಾಗ ಕೂಗಿ ನಿಲ್ಲಿಸಿದರು. ರಾಜನಿಂದ ಪಡಿ ಬರುವವರೆಗೆ ಇರಲಿ ಎಂದು ಅವನು 50 ಮೂಟೆ ಗೋಧಿ ಕೊಡಿಸಿದ. ಅದು ದೇವರ ಪಾಲಿನ ಕಾಳು, ಅವನು ಮಾಡಿದ್ದು ಮಹಾಪರಾಧ ಎಂದು ಅಮುನ್ ದೇವರ ಪ್ರಧಾನ ಪುರೋಹಿತ ಆಕ್ಷೇಪಣೆ ಎತ್ತಿದ.