ಬಾಗಿಲು ತೆರೆದವರು, ಒಳಗೆ ಕಾಲಿಟ್ಟವರು



ಕಳೆದ ತಿಂಗಳು ಹೊಸಪೇಟೆಯಲ್ಲಿ ಕಾಲೇಜು ಹುಡುಗ ಹುಡುಗಿಯರಿಗಾಗಿ ಒಂದು ಶಿಬಿರ ನಡೆಯಿತು. 'ಯುವ ನಾಯಕತ್ವ ಮತ್ತು ಸಾಮಾಜಿಕ ಬದಲಾವಣೆ' ಎಂಬ ವಿಷಯದ ಮೇಲೆ ಒಂದು ಗಂಟೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಕರೆದವನು ನನ್ನ ಹಳೆಯ ವಿದ್ಯಾರ್ಥಿಯೇ. "ಹಕ್ಕಬುಕ್ಕರ ಬಗ್ಗೆ ಹೇಳಿ ಸರ್, ಇಲ್ಲಾಂದ್ರ ಕೃಷ್ಣದೇವರಾಯರ ಬಗ್ಗೆ. ಹುಡುಗ್ರಿಗೆ ಹುರುಪು ಬರಬೇಕು" ಎಂದ. ಹಂಪಿಯ ನೆರಳಿನಲ್ಲಿ ಹುಟ್ಟಿದವರಿಗೆ ಇದೊಂದು ಸಂಕಟ. ಯಾವ ಸಭೆಗೆ ಹೋದರೂ ವಿಜಯನಗರದ ಅರಸರನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋಗಬೇಕು. ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದಾಗ ಮೂವತ್ತು ದಾಟಿದ್ದವನು. ಆ ಕಾಲಕ್ಕೆ ಅದು ತಾರುಣ್ಯವೇನೂ ಅಲ್ಲ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಕಂಪ್ಲಿಯ ಕುಮಾರರಾಮನಾದರೋ ನಿಜಕ್ಕೂ ತರುಣ. ಆದರೆ 1327ರ ಸುಮಾರಿಗೆ ದೆಹಲಿಯ ಸೈನ್ಯದೆದುರು ಕಾದಾಡಿ ಮಡಿದ ಅವನ ಕಥೆಯನ್ನು ಹೇಳಿ, ಉದ್ಯೋಗ ಹುಡುಕುತ್ತಿರುವ ಮಕ್ಕಳಿಗೆ "ಹೀಗೆ ನಾಯಕರಾಗಿ" ಎನ್ನಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ನಾನು ಆರಿಸಿಕೊಂಡದ್ದು ಸಂಡೂರನ್ನು. ಅಲ್ಲಿ ಹೇಳಿದ್ದನ್ನೂ, ಸಮಯ ಸಾಲದೆ ಬಿಟ್ಟದ್ದನ್ನೂ, ಹೇಳಲು ಧೈರ್ಯ ಸಾಲದೆ ಉಳಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸಂಡೂರು ಒಂದು ಕಾಲಕ್ಕೆ ಪ್ರತ್ಯೇಕ ಸಂಸ್ಥಾನವಾಗಿತ್ತೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ವಿಸ್ತೀರ್ಣ ಇನ್ನೂರು ಚದರ ಮೈಲಿಗೂ ಕಡಿಮೆ. ಸುತ್ತಲೂ ಬೆಟ್ಟದ ಕೋಟೆ, ನಡುವೆ ಹರಿಯುವ ನಾರಿಹಳ್ಳ. ಸುತ್ತ ಎತ್ತ ನೋಡಿದರೂ ಮದ್ರಾಸ್ ಪ್ರಾಂತ್ಯ. ನಮ್ಮ ಹೊಸಪೇಟೆ, ಹಂಪಿ, ಕಂಪ್ಲಿಗಳೆಲ್ಲ ಆ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. ಘೋರ್ಪಡೆ ಮನೆತನದ ಯಶವಂತರಾವ್ ಘೋರ್ಪಡೆಯವರು ಸಂಡೂರಿನ ಕೊನೆಯ ಅರಸರು. ಅವರು ಹುಟ್ಟಿದ್ದು 1908ರಲ್ಲಿ. ಸಂಸ್ಥಾನದ ದೇವಾಲಯಗಳನ್ನು, ಅವುಗಳಲ್ಲಿ ಮುಖ್ಯವಾದ ಕುಮಾರಸ್ವಾಮಿ ದೇವಾಲಯವನ್ನು, ಆಗ ಅಸ್ಪೃಶ್ಯರೆನಿಸಿಕೊಂಡಿದ್ದ ಜನರಿಗೆ ತೆರೆದದ್ದು 1932ರಲ್ಲಿ. ಲೆಕ್ಕ ಹಾಕಿ ನೋಡಿ: ಅರಸರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು. ಶಿಬಿರದಲ್ಲಿ ನನ್ನ ಮುಂದೆ ಕುಳಿತಿದ್ದವರಿಗಿಂತ ಮೂರು ನಾಲ್ಕು ವರ್ಷ ಹಿರಿಯರು, ಅಷ್ಟೆ.

ಆ ವರ್ಷದ ಮಹತ್ವ ತಿಳಿಯಬೇಕಾದರೆ ಅಕ್ಕಪಕ್ಕ ಏನು ನಡೆಯುತ್ತಿತ್ತೆಂಬುದನ್ನು ನೋಡಬೇಕು. ನಾಸಿಕದ ಕಾಳಾರಾಮ ದೇವಾಲಯದ ಮುಂದೆ 1930ರ ಮಾರ್ಚಿನಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ಸತ್ಯಾಗ್ರಹ ಆರಂಭವಾಗಿ ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. ಗುರುವಾಯೂರಿನಲ್ಲಿ 1931ರಲ್ಲಿ ಆರಂಭವಾದ ಸತ್ಯಾಗ್ರಹವೂ ಬಾಗಿಲ ಮುಂದೆಯೇ ನಿಂತಿತು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಉಪವಾಸ, ಪೂನಾ ಒಪ್ಪಂದ. ನಮ್ಮ ಪಠ್ಯಪುಸ್ತಕಗಳು ದೇವಾಲಯ ಪ್ರವೇಶವೆಂದರೆ ತಿರುವಾಂಕೂರಿನ ಹೆಸರು ಹೇಳುತ್ತವೆ. ಆ ಘೋಷಣೆ ಹೊರಟದ್ದು 1936ರ ನವೆಂಬರ್ 12ರಂದು. ನಮ್ಮ ಪಕ್ಕದ ಸಂಡೂರು ಅದಕ್ಕೂ ನಾಲ್ಕು ವರ್ಷ ಮುಂದೆ! ಗುಡ್ಡದಾಚೆಯ ಬ್ರಿಟಿಷ್ ಬಳ್ಳಾರಿ ಜಿಲ್ಲೆಗೆ ದೇವಾಲಯ ಪ್ರವೇಶದ ಹಕ್ಕನ್ನು ಕೊಡುವ ಮದ್ರಾಸ್ ಕಾನೂನು ಬಂದದ್ದು 1947ರಲ್ಲಿ. ಅಂದರೆ ಸಂಡೂರಿನ ಕಣಿವೆಯೊಳಗಿನ ದಲಿತನಿಗೆ ದೊರೆತ ಹಕ್ಕು ಓಬಳಗಂಡಿಯನ್ನು ದಾಟಿ ಹೊಸಪೇಟೆಯ ಕಡೆಗೆ ಬರಲು ಹದಿನೈದು ವರ್ಷ ಹಿಡಿಯಿತು. ದಾರಿಯೇನೋ ಅರ್ಧ ದಿನದ ಬಂಡಿಯ ಪ್ರಯಾಣ.

1934ರಲ್ಲಿ ತಮ್ಮ ಹರಿಜನ ಪ್ರವಾಸದ ಅಂಗವಾಗಿ ಗಾಂಧೀಜಿ ಸಂಡೂರಿಗೆ ಬಂದರು. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕು ಎಂದು ಅವರು ಹೇಳಿದರೆಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಹಸಿರನ್ನು ಕುರಿತ ಆ ಮಾತು ಹೋಟೆಲುಗಳ ಫಲಕಗಳ ಮೇಲೂ ಬಂದಿದೆ. ಅವರನ್ನು ಅಲ್ಲಿಗೆ ಕರೆತಂದ ಕಾರಣವಾದ ಆ ಬಾಗಿಲಿನ ಮಾತು ಫಲಕಗಳ ಮೇಲೆ ಬಂದದ್ದನ್ನು ನಾನು ಕಂಡಿಲ್ಲ.

ಈ ಪಾಠವನ್ನು ನಾನು ಸೇವೆಗೆ ಸೇರಿದಂದಿನಿಂದಲೂ, ಪಠ್ಯದಲ್ಲಿ ಇಲ್ಲದಿದ್ದರೂ, ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ನನ್ನ ಕೈಯಲ್ಲಿ ಓದಿದವರಿಗೆ ನೆನಪಿರಬಹುದು: ಮೇಜಿನ ಮೇಲೆ ಕೈತಟ್ಟಿ, "ಇಪ್ಪತ್ತನಾಲ್ಕು ವರ್ಷ! ಒಂದೇ ಒಂದು ಸಹಿ!" ಎನ್ನುತ್ತಿದ್ದೆ. 1988ರಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಬಾಡಿಗೆ ಬಸ್ಸಿನಲ್ಲಿ ಕುಮಾರಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ರಾಷ್ಟ್ರಕೂಟರ ಕಾಲಕ್ಕೆ ಸೇರಿದ ಆ ಗುಡಿಯ ಅಂಗಳದಲ್ಲಿ ನಿಂತು ಮತ್ತೊಮ್ಮೆ ಅದೇ ಪಾಠ. ಎಲ್ಲರಿಗೂ ತೆರೆದ ಬಾಗಿಲು ಇದೇ ನೋಡಿ ಮಕ್ಕಳೇ, ಎಂದೆ. ಆಮೇಲೆ ದರ್ಶನಕ್ಕೆ ಹೊರಟೆವು. ಕುಮಾರಸ್ವಾಮಿ ಬ್ರಹ್ಮಚಾರಿ, ಹೆಂಗಸರು ಅವನ ದರ್ಶನ ಮಾಡುವ ಪದ್ಧತಿಯಿಲ್ಲ. ನನಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ನನ್ನ ತಾಯಿ, ಅಕ್ಕಂದಿರು ಪಕ್ಕದ ಪಾರ್ವತಿಯ ಗುಡಿಗೆ ಕೈಮುಗಿದು ಕಾಯುತ್ತ ಕುಳಿತಿರುತ್ತಿದ್ದುದನ್ನು ಚಿಕ್ಕಂದಿನಿಂದ ಕಂಡವನು. ಆದರೆ ಪಾಠದ ಆವೇಶದಲ್ಲಿ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಹುಡುಗರು ಸಾಲಾಗಿ ಒಳಗೆ ಹೋದರು. ಹದಿನಾರು ಮಂದಿ ಹುಡುಗಿಯರು ಬಿಸಿಲಿನಲ್ಲಿ ನಿಂತರು.

ಅವರಲ್ಲೊಬ್ಬಳು, ಕಂಪ್ಲಿ ಕಡೆಯ ಕೂಲಿಕಾರರ ಮಗಳು, "ಸರ್, ಬಾಗಲಾ ಎಲ್ಲಾರಿಗೂ ತೆಗದಾರ ಅಂದ್ರಲ್ಲ?" ಎಂದಳು. "ಪದ್ಧತಿ ಅವ್ವಾ, ಅದು ಬೇರೆ" ಎಂದೆ. ಅವಳು ಸುಮ್ಮನಾದಳು. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಸೀಟಿನ ಹತ್ತಿರ ಬಂದು ಇನ್ನೊಂದು ಪ್ರಶ್ನೆ ಕೇಳಿದಳು. "ಅವತ್ತು ಮೊದ್ಲು ಒಳಗ ಹೋದೋರು ಯಾರ್ರಿ ಸರ್? ಅವರ ಹೆಸರು ಏನು?"

ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ಸಹಿ ಹಾಕಿದ ಕೈಯನ್ನು ನೋಡಿದ್ದೆನೇ ಹೊರತು ಹೊಸ್ತಿಲು ದಾಟಿದ ಕಾಲನ್ನು ನೋಡಿರಲಿಲ್ಲ. ಅರಸನಿಗೆ ಬೇಕಾದದ್ದು ಧೈರ್ಯ, ನಿಜ. ಆದರೆ ತಲೆತಲಾಂತರದಿಂದ ಅಂಗಳಕ್ಕೂ ಬಾರದೆ ನಿಂತಿದ್ದ ಒಬ್ಬ ತರುಣ, ಅಕ್ಕಪಕ್ಕದವರ ಕಣ್ಣುಗಳು ಬೆನ್ನಿಗೆ ನೆಟ್ಟಿರುವಾಗ, ಮರುದಿನ ಅದೇ ಜನರ ಹೊಲಕ್ಕೆ ಕೂಲಿಗೆ ಹೋಗಬೇಕಾಗಿರುವಾಗ, ಬಲಗಾಲನ್ನು ಎತ್ತಿ ಒಳಗಿಡುವುದಕ್ಕೆ ಬೇಕಾದ ಧೈರ್ಯ ಎಂಥದು? ಅರಸರ ಕೆಲಸವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಎಷ್ಟೋ ದೊಡ್ಡ ದೊಡ್ಡ ಮಹಾರಾಜರು ಮಾಡದ್ದನ್ನು ಈ ಪುಟ್ಟ ಸಂಸ್ಥಾನದ ಯುವಕ ಮಾಡಿದರು. ಆದರೆ ನಾಯಕ ಯಾರೆಂದು ಕೇಳಿದರೆ ಈಗ ನಾನು ಒಂದೇ ಹೆಸರು ಹೇಳಿ ಮುಗಿಸಲಾರೆ.

ಅಧಿಕಾರವುಳ್ಳವರು ಮೇಲಿನಿಂದ ಕೊಟ್ಟದ್ದಕ್ಕೂ, ಜನ ಕೆಳಗಿನಿಂದ ಕೇಳಿ ಪಡೆದದ್ದಕ್ಕೂ ಇರುವ ವ್ಯತ್ಯಾಸ ಸಂಡೂರಿನಲ್ಲೇ ಇನ್ನೊಮ್ಮೆ ಕಾಣಿಸಿಕೊಂಡಿತು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂದಿತು. ಯಶವಂತರಾಯರ ಮಗ ಎಂ.ವೈ. ಘೋರ್ಪಡೆಯವರು ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು ಶಾಸಕರಾಗಿ, 1972ರಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾದರು. ಮರುವರ್ಷ, 1973ರಲ್ಲಿ, ಇನಾಮು ಭೂಮಿಯ ಪ್ರಶ್ನೆಯನ್ನೆತ್ತಿ ಸಂಡೂರಿನ ರೈತರು ಸಮಾಜವಾದಿಗಳ ಮುಂದಾಳುತನದಲ್ಲಿ ಸತ್ಯಾಗ್ರಹಕ್ಕೆ ಇಳಿದರು. ನಾನು ಆಗ ಹೈಸ್ಕೂಲು ಹುಡುಗ. ನಮ್ಮ ಮನೆಯ ಕಟ್ಟೆಯ ಮೇಲೆ ದೊಡ್ಡವರು ಎರಡು ಪಕ್ಷವಾಗಿ ವಾದಿಸುತ್ತಿದ್ದರು. ಗುಡಿಯ ಬಾಗಿಲು ತೆಗೆದ ಮನೆತನದ ವಿರುದ್ಧ ಹೀಗೆ ನಿಲ್ಲಬಹುದೇ ಎಂದು ನಮ್ಮಪ್ಪ. ಬಾಗಿಲು ಬೇರೆ, ಹೊಲ ಬೇರೆ ಎಂದು ನಮ್ಮ ಸೋದರಮಾವ. ಇಬ್ಬರೂ ಈಗಿಲ್ಲ. ಉಳುವವನಿಗೇ ಭೂಮಿ ಎನ್ನುವ ತಿದ್ದುಪಡಿಯಾದ ಕಾನೂನು ರಾಜ್ಯದಲ್ಲಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಘೋರ್ಪಡೆಯವರು ಸಚಿವರಾಗಿದ್ದ ಸರ್ಕಾರವೇ ಅದನ್ನು ತಂದಿತು. ಚರಿತ್ರೆಯಲ್ಲಿ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ ಎಂದು ನಾನು ಕಲಿತದ್ದು ಆ ಕಟ್ಟೆಯ ಮೇಲೆ, ಬಿ.ಎಡ್. ಕಾಲೇಜಿನಲ್ಲಲ್ಲ.

ಅದೇ ಘೋರ್ಪಡೆಯವರು ಮುಂದೆ ಗ್ರಾಮೀಣಾಭಿವೃದ್ಧಿ ಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ 1993ರ ಪಂಚಾಯತ್ ರಾಜ್ ಅಧಿನಿಯಮ ಬಂದಿತು. ಇಪ್ಪತ್ತೊಂದು ತುಂಬಿದ ಯಾರೂ ಪಂಚಾಯಿತಿಗೆ ನಿಲ್ಲಬಹುದು. ಆಗ ಮೂರರಲ್ಲೊಂದು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಸಂಡೂರಿನ ಕುಶಲ ಕಲಾ ಕೇಂದ್ರವೂ ಅವರ ಮನೆತನದ ಆಸರೆಯಲ್ಲೇ ಬೆಳೆದದ್ದು. ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ಕನ್ನಡಿ ಚೂರು, ಕವಡೆ, ದಾರದಿಂದ ತಮ್ಮ ಮೈಮೇಲಿನ ಬಟ್ಟೆಗೆ ಹಾಕಿಕೊಳ್ಳುತ್ತಿದ್ದ ಕಸೂತಿಗೆ ಅಲ್ಲಿ ಕೂಲಿ ದೊರೆಯಿತು, ಬೆಲೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಹೆಂಗಸರು ಮಾಡಿದ 1755 ವಸ್ತುಗಳನ್ನು ಒಂದೆಡೆ ಇರಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಸುಮಾರು ನಾನೂರೈವತ್ತು ಮಂದಿಯ ಕೈಕೆಲಸ.

ಇಷ್ಟನ್ನೂ ಶಿಬಿರದಲ್ಲಿ ಹೇಳಿದೆ. ಚಪ್ಪಾಳೆಯೂ ಬಂತು. ಹೇಳದೆ ಬಿಟ್ಟದ್ದು ನಮ್ಮದೇ ಶಾಲೆಯ ಕಥೆ.

2004ರಿಂದಾಚೆಗಿನ ಐದಾರು ವರ್ಷಗಳು ನಿಮಗೆ ನೆನಪಿವೆ. ಚೀನಾಕ್ಕೆ ಅದಿರು ಬೇಕಾಯಿತು. ಹೊಸಪೇಟೆ–ಸಂಡೂರು ರಸ್ತೆಯಲ್ಲಿ ರಾತ್ರಿ ಹಗಲೆನ್ನದೆ ಲಾರಿಗಳು. ಮರದ ಎಲೆ, ಮನೆಯ ಗೋಡೆ, ಎಮ್ಮೆಯ ಬೆನ್ನು ಎಲ್ಲವೂ ಕೆಂಪು. ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳೂ ಹೆಚ್ಚಿದವು. ಚುರುಕಾದ ಹುಡುಗರೇ ಮೊದಲು ಹೋದರು. ಕ್ಲೀನರಾಗಿ ಸೇರಿ, ಆರು ತಿಂಗಳಲ್ಲಿ ಸ್ಟೇರಿಂಗ್ ಹಿಡಿದು, ವರ್ಷದೊಳಗೆ ಹೊಸ ಬೈಕಿನ ಮೇಲೆ ಶಾಲೆಯ ಮುಂದೆ ಹಾದುಹೋಗುತ್ತಿದ್ದರು. ಅಂಥ ಒಬ್ಬನ ಮನೆಗೆ ಹೋಗಿ, ಪರೀಕ್ಷೆಗಾದರೂ ಕೂರು ಎಂದು ಕೇಳಿಕೊಂಡೆ. ಅವನು ಮರ್ಯಾದೆಯಿಂದಲೇ ಚಹಾ ಕೊಟ್ಟು, "ನಿಮಗ ಸಂಬಳ ಎಷ್ಟ್ ಬರ್ತದ್ರಿ ಸರ್?" ಎಂದ. ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಆ ಮೇಲೆ ನಾನು ಯಾರ ಮನೆಗೂ ಹೋಗಲಿಲ್ಲ. ಅದು ನನ್ನ ತಪ್ಪು. ಒಬ್ಬನ ಮಾತಿಗೆ ಅವಮಾನಗೊಂಡು ಉಳಿದ ಹನ್ನೊಂದು ಮಂದಿಯನ್ನು ಕೈಬಿಟ್ಟೆ.

2011ರ ಜುಲೈನಲ್ಲಿ ಲೋಕಾಯುಕ್ತರ ವರದಿ ಬಂತು. ಎರಡು ದಿನಗಳಲ್ಲೇ, ಸಮಾಜ ಪರಿವರ್ತನ ಸಮುದಾಯದವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಬೇಕಾದದ್ದೇ ಆಯಿತು. ಆದರೆ ರಸ್ತೆಯ ಬದಿಯಲ್ಲಿ ಗಾಳಿ ಇಳಿದ ಟೈರುಗಳ ಮೇಲೆ ನಿಂತ ಲಾರಿಗಳ ಸಾಲನ್ನು ನೋಡುವಾಗ, ಅವುಗಳ ಕಂತು ಕಟ್ಟಬೇಕಾದ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು ನನ್ನ ತರಗತಿಯಿಂದ ಎದ್ದುಹೋದವರೆಂಬುದು ನೆನಪಾಗುತ್ತಿತ್ತು.

ಸಂಬಳ ಕೇಳಿದ ಹುಡುಗ 2015ರಲ್ಲಿ ನಮ್ಮ ಮನೆಗೆ ಬಂದ. ಖಾಸಗಿಯಾಗಿ ಹತ್ತನೆಯ ತರಗತಿಗೆ ಕೂರುತ್ತೇನೆ, ಅರ್ಜಿ ತುಂಬಿಕೊಡಿ ಎಂದ. ಎರಡನೆಯ ಸಲಕ್ಕೆ ಪಾಸಾದ. 2020ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿಗೆ ಗೆದ್ದ. ಏನು ಮಾಡಿದೆಯೋ ಎಂದು ಒಮ್ಮೆ ಕೇಳಿದೆ. "ಮಕ್ಕಳ ಗ್ರಾಮಸಭೆಯೊಳಗ ಹುಡುಗ್ಯಾರು ಶಾಲಿಗೆ ಶೌಚಾಲಯ ಕೇಳಿದ್ರಿ ಸರ್. ಅದೊಂದು ಮಾಡಿಸೀನಿ. ನೀರು ಇನ್ನೂ ಬಂದಿಲ್ಲ" ಎಂದ. ಶಿಬಿರದಲ್ಲಿ ಅವನನ್ನೇ ಕರೆಸಿ ಮಾತನಾಡಿಸಬೇಕಿತ್ತು ಎಂದು ಈಗ ಅನ್ನಿಸುತ್ತಿದೆ.

ಇನ್ನು ಆ 1988ರ ಹುಡುಗಿ. ಅವಳು ಹತ್ತನೆಯ ತರಗತಿ ಮುಗಿಸಿದಳೆಂದು ಬಲ್ಲೆ. ಆಮೇಲೆ ಮದುವೆಯಾಗಿ ಗಂಗಾವತಿಯ ಕಡೆ ಹೋದಳೆಂದು ಕೇಳಿದ್ದೆ. ಅವಳ ತರಗತಿಯವರು ಇದನ್ನು ಓದುತ್ತಿದ್ದರೆ ಅವಳಿಗೆ ಒಂದು ಮಾತು ತಲುಪಿಸಿ: ಮೇಷ್ಟ್ರು ಆ ಹೆಸರನ್ನು ಇನ್ನೂ ಹುಡುಕುತ್ತಿದ್ದಾರೆ. ದೀಪಾವಳಿ ಕಳೆದ ಮೇಲೆ ನಾನು ನಾಲ್ಕು ದಿನ ಸಂಡೂರಿನಲ್ಲಿರುತ್ತೇನೆ. 1932ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಇರುವುದು ದುರ್ಲಭ. ಆದರೆ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನಿಮ್ಮ ಮನೆಯ ಅಜ್ಜ ಅಜ್ಜಿಯರು ಆ ದಿನದ ಬಗ್ಗೆ ಏನಾದರೂ ಹೇಳಿದ್ದರೆ, ಯಾರು ಮುಂದೆ ನಡೆದರು, ಯಾರು ತೆಂಗಿನಕಾಯಿ ಹಿಡಿದಿದ್ದರು, ಯಾರು ಹೆದರಿ ಅರ್ಧ ದಾರಿಯಿಂದ ಹಿಂದಿರುಗಿದರು, ಎಷ್ಟೇ ಸಣ್ಣ ಸಂಗತಿಯಾದರೂ ಸರಿ, ನನಗೆ ಬರೆದು ತಿಳಿಸಿ. ಫೋನು ಮಾಡುವುದಾದರೆ ಸಂಜೆ ಆರರ ನಂತರ ಮಾಡಿ. ಅದಕ್ಕೆ ಮೊದಲು ನಾನು ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುತ್ತಿರುತ್ತೇನೆ.