ಮುಳುಗುವ ಮುನ್ನ ಜೋರಾಗಿ ಉಸಿರಾಡಿದರೆ ಹೆಚ್ಚು ಹೊತ್ತು ನೀರೊಳಗಿರಬಹುದೇ?

ಅಂಡಮಾನಿನಲ್ಲಿ ದ್ವೀಪ ಸುತ್ತುವವರು ಹಿಂದೆ ಹ್ಯಾವ್‌ಲಾಕ್ ಎನಿಸಿದ್ದ ಸ್ವರಾಜ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡದೆ ಮರಳುವುದು ಕಡಿಮೆ. ಮುಖಕ್ಕೆ ಮಾಸ್ಕ್, ಬಾಯಲ್ಲಿ ಕೊಳವೆ. ತೇಲುತ್ತಾ ಹವಳ, ಮೀನು ನೋಡುವುದೇ ಒಂದು ವಿಶ್ರಾಂತಿ. ಆದರೆ ಉಸಿರು ಹಿಡಿದು ಕೆಳಗಿಳಿಯುವ ಆಸೆಯಾದಾಗ ಕೆಲವರು ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುತ್ತಾರೆ, ಆಮ್ಲಜನಕ ಶೇಖರವಾಗಲಿ ಎಂದು.

ಇದು ಅಪಾಯಕಾರಿ ತಪ್ಪು. ಆರೋಗ್ಯವಂತರ ರಕ್ತದ ಹಿಮೋಗ್ಲೋಬಿನ್ ಮಾಮೂಲಿ ಉಸಿರಾಟದಲ್ಲೇ ಶೇ. 95ಕ್ಕಿಂತ ಹೆಚ್ಚು ಆಮ್ಲಜನಕ ತುಂಬಿಕೊಂಡಿರುತ್ತದೆ. ಹೊಸದಾಗಿ ಸೇರುವುದು ಅತ್ಯಲ್ಪ. ಇಳಿಯುವುದು ಇಂಗಾಲದ ಡೈಆಕ್ಸೈಡ್. ಉಸಿರಿಗಾಗಿ ಮೆದುಳು ಚಡಪಡಿಸುವುದು ಮುಖ್ಯವಾಗಿ ಇದು ಏರಿದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲ. ಹಾಗಾಗಿ ಉಸಿರುಗಟ್ಟಿದ ಅನುಭವವೇ ಆಗದೆ ಪ್ರಜ್ಞೆ ತಪ್ಪಬಹುದು. ಮೇಲೇರುವಾಗ ನೀರಿನ ಒತ್ತಡ ತಗ್ಗಿ ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡವೂ ಕುಸಿಯುತ್ತದೆ. ಆದ್ದರಿಂದ ಎಷ್ಟೋ ಸಲ ಇದು ಆಗುವುದು ಇನ್ನೇನು ಮೇಲೆ ಬಂದೆವು ಎನ್ನುವಾಗ.

ಚೆನ್ನಾಗಿ ಈಜುವವರೇ ಇದಕ್ಕೆ ಸಿಲುಕುತ್ತಾರೆ. ಈಜು ಬಾರದವರು ಲೈಫ್ ಜಾಕೆಟ್ ಕಳಚುವುದಿಲ್ಲವಲ್ಲ! ಮುಳುಗಲೇಬೇಕೆಂದರೆ ಸಹಜವಾಗಿ ಉಸಿರಾಡಿ, ಒಂದೇ ಉಸಿರೆಳೆದುಕೊಂಡು ಇಳಿಯಿರಿ. ಜೊತೆಗಾರರೊಬ್ಬರು ಮೇಲಿದ್ದು ನಿಮ್ಮನ್ನೇ ನೋಡುತ್ತಿರಲಿ. ನೀವು ಮೇಲೆ ಬಂದ ಬಳಿಕವೂ ಅರ್ಧ ನಿಮಿಷ ಕಣ್ಣು ತೆಗೆಯದಿರಲಿ.