ಮನೆಗಾಡಿಯೂ ಮನಬಂದ ದಾರಿಯೂ

ದೇಶ ಸುತ್ತು, ಕೋಶ ಓದು ಎಂದರು ನಮ್ಮ ಹಿರಿಯರು. ಆದರೆ ಸುತ್ತುವುದು ಗೊತ್ತುಮಾಡಿಕೊಂಡೋ, ಮನಬಂದಂತೆಯೋ ಎಂಬುದನ್ನು ಅವರು ಹೇಳಲಿಲ್ಲ. ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಯೂರೋಪನ್ನು ಸುತ್ತುವ ಪ್ರವಾಸಿಗಳಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಒಂದು ಪಕ್ಷದವರು ಪ್ರತಿಯೊಂದು ರಾತ್ರಿಯ ತಂಗುದಾಣವನ್ನೂ ಮೊದಲೇ ಕಾದಿರಿಸಿ ಹೊರಡುತ್ತಾರೆ. ಇನ್ನೊಂದು ಪಕ್ಷದವರಿಗೆ, ಎಡಕ್ಕೆ ತಿರುಗಬೇಕೆ ಬಲಕ್ಕೆ ತಿರುಗಬೇಕೆ ಎಂಬುದನ್ನು ಕವಲುದಾರಿಗೆ ಬಂದ ಮೇಲೆ ಯೋಚಿಸುವುದೇ ಪ್ರವಾಸದ ಸುಖ. ಈ ವಾದಕ್ಕೊಂದು ಇತಿಹಾಸವಿದೆ. ಅದರ ಜಾಡು ಹಿಡಿದು ಹೋದರೆ ಸುಖಕ್ಕಿಂತ ದೊಡ್ಡದಾದ ಒಂದು ಪ್ರಶ್ನೆ ಎದುರಾಗುತ್ತದೆ.

ಇಂಥ ಮನೆಗಾಡಿಗೆ ಕಾರವಾನ್ ಎಂದು ಹೆಸರು. ಪಾರಸಿಯ ಮೂಲದಲ್ಲಿ ಈ ಮಾತಿಗೆ ಗಾಡಿ ಎಂಬ ಅರ್ಥವಿಲ್ಲ. ಕಳ್ಳಕಾಕರ ಭಯಕ್ಕೆ ಗುಂಪುಗೂಡಿ, ನಾಯಕನೊಬ್ಬನ ಹಿಂದೆ ಸಾಗುವ ವರ್ತಕರ ತಂಡವೇ ಕಾರವಾನ್. ಕ್ರಮ ತಪ್ಪಿದರೆ ಪ್ರಾಣಕ್ಕೇ ಸಂಚಕಾರವಿದ್ದ ಪಯಣದ ಹೆಸರು ಕೊನೆಗೆ ಮನಬಂದಂತೆ ಅಲೆಯುವವರ ಗಾಡಿಗೆ ಅಂಟಿಕೊಂಡಿತು!

ಯೂರೋಪಿನ ವಿಲಾಸಪ್ರವಾಸವೂ ಹುಟ್ಟಿದ್ದು ಕಟ್ಟುಪಾಡಿನಲ್ಲಿಯೇ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತ ತರುಣರು ಉಪಾಧ್ಯಾಯನೊಬ್ಬನನ್ನು ಜೊತೆಗಿಟ್ಟುಕೊಂಡು ಪ್ಯಾರಿಸ್, ಆಲ್ಪ್ಸ್, ಫ್ಲಾರೆನ್ಸ್, ರೋಮ್ ಎಂದು ಸಂಪ್ರದಾಯ ಹಾಕಿಕೊಟ್ಟ ದಾರಿಯಲ್ಲಿಯೇ ನಡೆದರು. ಅದಕ್ಕೆ ಮಹಾಯಾತ್ರೆ ಎಂದು ಹೆಸರು. 1841ರಲ್ಲಿ ಥಾಮಸ್ ಕುಕ್ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಒಂದು ತಂಡವನ್ನು ಕರೆದೊಯ್ದನು. 1855ರ ವೇಳೆಗೆ ಯೂರೋಪಿನ ನಡುನಾಡಿಗೂ ತಂಡಗಳನ್ನು ಹೊರಡಿಸಿದನು. ಪ್ರವಾಸ ಬಡವರ ಕೈಗೂ ನಿಲುಕುವತ್ತ ಹೆಜ್ಜೆಯಿಟ್ಟಿತು, ನಿಜ; ಆದರೆ ಅದರೊಡನೆ ವೇಳಾಪಟ್ಟಿಯೂ ಬಂತು.

ಈ ವೇಳಾಪಟ್ಟಿಗೆ ಬೆನ್ನು ತೋರಿಸಿ ನಡೆದವರಲ್ಲಿ ಸ್ಟೀವನ್‌ಸನ್ ಒಬ್ಬನು. 1878ರಲ್ಲಿ ಅವನು ಮೊಡೆಸ್ಟೀನ್ ಎಂಬ ಕತ್ತೆಯೊಡನೆ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ 12 ದಿನ ಅಲೆದನು. ಛತ್ರಗಳ ಹಂಗು ಬೇಡವೆಂದು ಮಲಗುವ ಚೀಲವೊಂದನ್ನು ತಾನೇ ಯೋಚಿಸಿ ಹೊಲಿಸಿಕೊಂಡಿದ್ದನು. ಆ ಹೊರೆಯನ್ನು ಹೊರಲು ಕತ್ತೆ ಬೇಕಾಯಿತು. ಕತ್ತೆ ಬಂದ ಮೇಲೆ ನಡಿಗೆಯ ವೇಗವನ್ನು ಗೊತ್ತುಮಾಡಿದ್ದು ಕತ್ತೆಯೇ.

ಏಳು ವರ್ಷಗಳ ಬಳಿಕ ನೌಕಾದಳದ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಇನ್ನೂ ದೊಡ್ಡ ಸಾಹಸಕ್ಕೆ ಹೊರಟನು. ಬ್ರಿಸ್ಟಲ್ ನಗರದಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಕಟ್ಟಿಸಿ, 1885ರ ಬೇಸಗೆಯಲ್ಲಿ ಟ್ವೈಫರ್ಡ್ ಎಂಬ ಊರಿನಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಪಯಣಿಸಿದನು. ಅವನು ತನ್ನನ್ನು ಜಿಪ್ಸಿ ಮಹಾಶಯನೆಂದು ಕರೆದುಕೊಂಡನು. ಆದರೆ ಅವನ ಅಲೆದಾಟದ ಏರ್ಪಾಟು ನೋಡಿ: ಸುಮಾರು 2 ಟನ್ ತೂಕದ ಗಾಡಿ, ಎಳೆಯಲು ಎರಡು ಕುದುರೆ, ಹೊಡೆಯಲು ಗಾಡಿಯಾಳು, ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಿ ದಾರಿ ನೋಡಿಕೊಳ್ಳಲು ಫೋಲಿ ಎಂಬ ಸೇವಕ. ಯಜಮಾನ ಎಲ್ಲಿ ಬೇಕಾದರೂ ನಿಲ್ಲಬಹುದು. ಕುದುರೆಗೆ ಮಾತ್ರ ಸಂಜೆಯಾಗುತ್ತಲೆ ಲಾಯವೂ ಹುಲ್ಲೂ ಬೇಕು. ಅವನ ಸ್ವಚ್ಛಂದದ ಚಿಂತೆಯನ್ನೆಲ್ಲ ಬೇರೆಯವರು ಹೊತ್ತಿದ್ದರು. 1907ರಲ್ಲಿ ಇಂಗ್ಲೆಂಡಿನಲ್ಲಿ ಕಾರವಾನ್ ಕ್ಲಬ್ ಹುಟ್ಟಿತು. ಸ್ಟೇಬಲ್ಸ್ ಅದರ ಉಪಾಧ್ಯಕ್ಷರಲ್ಲೊಬ್ಬನು. ಬೀಡುಬಿಡಲು ಜಾಗಗಳನ್ನು ಒದಗಿಸುವುದು ಅದರ ಉದ್ದೇಶಗಳಲ್ಲೊಂದು. ಮನಬಂದಂತೆ ಅಲೆಯುವವರಿಗೂ ಒಂದು ಸಂಘ ಬೇಕಾಯಿತು.

ಸ್ಟೇಬಲ್ಸ್ ಯಾರ ಹೆಸರನ್ನು ಎರವಲು ಪಡೆದನೋ ಆ ಜಿಪ್ಸಿಗಳ, ಎಂದರೆ ರೋಮಾ ಜನರ, ಪಾಡೇನಾಗಿತ್ತು? ಅವರ ನುಡಿ ನಮ್ಮ ದೇಶದ ಆರ್ಯಭಾಷೆಗಳ ಬಳಗಕ್ಕೆ ಸೇರಿದ್ದು. ನೀರಿಗೆ ‘ಪಾನಿ’ ಎನ್ನುತ್ತಾರೆ. ಮನೆಯನ್ನು ಹೇಳುವ ‘ಖೇರ್’ ಹಿಂದಿಯ ‘ಘರ್’ ಎಂಬುದರ ಒಡಹುಟ್ಟು. ದಾರಿಯನ್ನು ಹೇಳುವ ‘ದ್ರೋಮ್’ ಮಾತ್ರ ಗ್ರೀಕಿನಿಂದ ಬಂದದ್ದು. ಮನೆಯ ಮಾತನ್ನು ಭಾರತದಿಂದ ಒಯ್ದು, ದಾರಿಯ ಮಾತನ್ನು ದಾರಿಯಲ್ಲಿ ಪಡೆದ ಜನ ಅವರು. ಇಂಥವರಿಗೆ ಫ್ರಾನ್ಸಿನ 1912ರ ಕಾನೂನು ಒಂದು ಪುಸ್ತಕವನ್ನು ಹೊರಿಸಿತು. ಅದರಲ್ಲಿ ಅಲೆಮಾರಿಯ ಭಾವಚಿತ್ರ, ಬೆರಳುಗಳ ಗುರುತು, ದೇಹದ ಅಳತೆ ಎಲ್ಲವೂ ಇರಬೇಕು. ಊರಿಗೆ ಬಂದಾಗಲೂ ಬಿಟ್ಟಾಗಲೂ ಅದಕ್ಕೆ ಅಧಿಕಾರಿಯ ಮುದ್ರೆ ಬೀಳಬೇಕು. ಮನಸ್ಸು ಬಂದಲ್ಲಿ ತಿರುಗುವುದು ಶ್ರೀಮಂತನಿಗೆ ವಿನೋದ, ಅಲೆಮಾರಿಗೆ ಅಪರಾಧ.

ಜರ್ಮನಿಯ ಕಥೆ ಇನ್ನೂ ದಾರುಣ. 1931ರಲ್ಲಿ ಈಸ್ನಿ ಎಂಬ ಊರಿನ ಅರಿಸ್ಟ್ ಡೆಟ್‌ಲೆಫ್ಸ್ ಎಂಬಾತನು ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯೊಂದನ್ನು ಮಾಡಿದನು. ಅವನದು ಚಾವಟಿ ಮಾಡುವ ಮನೆತನ. ವ್ಯಾಪಾರಕ್ಕಾಗಿ ಊರೂರು ತಿರುಗಬೇಕು. ಚಿತ್ರಕಾರ್ತಿಯಾದ ಸಂಗಾತಿ ಫ್ರಿಡೆಲ್ ತಾನೂ ಜೊತೆಗೆ ಬರಬೇಕೆಂದು ಬಯಸಿದಳು. ಪ್ರೀತಿಯಿಂದ ಹುಟ್ಟಿದ ಆ ಗಾಡಿ ಮುಂದೊಂದು ಉದ್ಯಮವಾಯಿತು. ಅದೇ ಜರ್ಮನಿ ಮುಂದಿನ ವರ್ಷಗಳಲ್ಲಿ ಗಾಲಿಯ ಮೇಲೆ ಬಾಳುತ್ತಿದ್ದವರನ್ನೂ ಊರುಗಳಲ್ಲಿ ನೆಲೆಸಿದ್ದವರನ್ನೂ ಸೇರಿಸಿ ರೋಮಾ ಜನರನ್ನು ಲಕ್ಷಗಟ್ಟಲೆ ಕೊಂದಿತು. ಆ ಕೊಲೆಯೂ ಪಟ್ಟಿ ಬರೆದು, ರೈಲು ಗೊತ್ತುಮಾಡಿ ನಡೆಸಿದ್ದು. ಯೋಜನೆ ಎಂಬ ಮಾತಿಗೆ ಅಂಥ ಮುಖವೂ ಉಂಟು.

ಯುದ್ಧಾನಂತರ ಗಾಡಿಗಳು ಹೆಚ್ಚಿದವು. 1950ರಲ್ಲಿ ಫೋಕ್ಸ್‌ವ್ಯಾಗನ್ನಿನ ಪುಟ್ಟ ಬಸ್ಸು ಬಂತು. ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಹಾಸಿಗೆ, ಅಡಿಗೆಗಳಿಗೆ ಅನುಕೂಲ ಮಾಡಿಕೊಟ್ಟಿತು. ಸ್ಟೇಬಲ್ಸ್ ಹೊರಟ ನೂರು ವರ್ಷಕ್ಕೆ ಸರಿಯಾಗಿ, 1985ರಲ್ಲಿ, ಷೆಂಗೆನ್ ಎಂಬ ಹಳ್ಳಿಯ ಬಳಿ ಮೊಸೆಲ್ ನದಿಯ ದೋಣಿಯಲ್ಲಿ ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. 1995ರಿಂದ ಗಡಿಯ ಕಟ್ಟೆಗಳು ಒಂದೊಂದಾಗಿ ತೆರವಾದವು. ಆದರೆ ಅಲೆಮಾರಿಗಳು ತೋರಿಸಬೇಕಾಗಿದ್ದ ಫ್ರಾನ್ಸಿನ ಆ ಪುಸ್ತಕ 1969ರಲ್ಲಿ ರೂಪ ಬದಲಾಯಿಸಿತೇ ಹೊರತು, ಪೂರ್ತಿಯಾಗಿ ಹೋದದ್ದು 2017ರಲ್ಲಿ. ದೇಶದೇಶಗಳ ಗಡಿ ಅಳಿಸಿದ ಮೇಲೂ 20 ವರ್ಷಕ್ಕೂ ಹೆಚ್ಚು ಕಾಲ ಫ್ರಾನ್ಸಿನ ಅಲೆಮಾರಿಯ ಮುಂದೆ ಒಳಗಿನ ಗಡಿ ಉಳಿದಿತ್ತು.

ಇಂದು ಭಾರತದ ರಹದಾರಿ ಹಿಡಿದು ಹೋಗುವವನಿಗೆ ವೀಸಾ ಬೇಕು. ಅಲ್ಪಕಾಲದ ಪ್ರವಾಸಕ್ಕೆ ಷೆಂಗೆನ್ ನಾಡುಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ವಾಸ. ಯೂರೋಪಿನ ಒಕ್ಕೂಟ ಬಿಟ್ಟ ಬಳಿಕ ಇಂಗ್ಲಿಷರಿಗೂ ಈ ಲೆಕ್ಕ ತಪ್ಪಿಲ್ಲ. ಆಸ್ಟ್ರಿಯದಲ್ಲಿ ಗಾಡಿ 3.5 ಟನ್ ಮೀರಿದರೆ ಸುಂಕದ ರೀತಿಯೇ ಬೇರೆ. ಕ್ರೊಯೇಷಿಯದಲ್ಲಿ ಕಂಡಕಂಡಲ್ಲಿ ಬೀಡುಬಿಟ್ಟರೆ ದಂಡ. ಆದ್ದರಿಂದ ಯೋಜನೆಯನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಕಾಗದಪತ್ರ, ಗಾಡಿಯ ತೂಕ, ದಿನಗಳ ಲೆಕ್ಕ ಇವನ್ನು ಮೊದಲೇ ನೋಡಿಕೊಂಡವನಿಗೆ ಉಳಿದ ದಿನಗಳಲ್ಲಿ ಮನಬಂದ ದಾರಿ ಹಿಡಿಯುವ ಅವಕಾಶವಿರುತ್ತದೆ; ಅಂಥ ಕೆಲವು ದಿನಗಳನ್ನು ಬರಿದಾಗಿ ಬಿಡುವುದೇ ಒಳ್ಳೆಯ ಯೋಜನೆ.

ಆದರೆ ಕವಲಿನಲ್ಲಿ ನಿಂತು ಎಡವೋ ಬಲವೋ ಎಂದು ಯೋಚಿಸುವ ಭಾಗ್ಯ ಎಲ್ಲರದಾಗಿರಲಿಲ್ಲ. ಅದೇ ಕವಲಿನಲ್ಲಿ ಪುಸ್ತಕ ತೆರೆದು ಮುದ್ರೆಗಾಗಿ ಕಾದು ನಿಂತವರಿದ್ದರು. ಮನೆಗಾಡಿಯ ಇತಿಹಾಸ ಬರೆಯುವಾಗ ಅವರ ಗಾಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು; ಸ್ಟೇಬಲ್ಸ್‌ಗಿಂತ ಮೊದಲೇ ಆ ದಾರಿಗಳಲ್ಲಿ ಗಾಲಿ ಉರುಳಿಸಿದವರು ಅವರು.